ಗಳ ಹಿಡಿಯುವ ಕೆಲಸ

ನಮ್ಮೂರಿಗೆ ಅಂತರರಾಷ್ಟ್ರೀಯ ಕ್ರೀಡಾಕೂಟ ಬಂದಾಗ ಓಟ ನೋಡಲು ಒಂದು ನರಪಿಳ್ಳೆಯೂ ಹೋಗಲಿಲ್ಲ. ನೆಲದ ಮೇಲೆ ಓಡುವುದನ್ನು ಏನಂತ ನೋಡುವುದು, ನಾಯಿಗಳೂ ಓಡುತ್ತವೆ. ಗುಂಡು ಎಸೆಯುವ ಕಡೆಗೆ ನಾಲ್ಕು ಜನ ಹೋಗಿದ್ದರು, ಅವರೂ ಬಿಸಿಲಿಗೆ ಬೇಜಾರಾಗಿ ಎದ್ದು ಬಂದರು. ಆದರೆ ಗಂಡಸರ ಪೋಲ್ ವಾಲ್ಟ್ ಇದೆ ಎಂದು ಮೈಕಿನಲ್ಲಿ ಕೂಗಿದ್ದೇ ತಡ, ಇಡೀ ಊರು ಒಲೆ ಆರಿಸಿ ಬಂದು ಮೈದಾನದಲ್ಲಿ ಕೂತಿತು. ಉದ್ದದ ಗಳ ಹಿಡಿದು ಓಡಿಬಂದು, ಗುಳಿಗೆ ಊರಿ, ಮೇಲಕ್ಕೆ ಹಾರುವುದಕ್ಕೂ ಪದಕ ಕೊಡುತ್ತಾರೆಂದು ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾವು ದಿನಾ ಹೊಲದಿಂದ ಸೊಪ್ಪು ತಂದು ಮನೆಗೆ ಹೋಗುವುದೇ ಹಾಗೆ.

ನಮ್ಮೂರಿನ ಮನೆಗಳಿಗೆ ಬಾಗಿಲಿರುವುದು ಮೇಲೆ, ಎರಡಾಳೆತ್ತರದಲ್ಲಿ. ಮೆಟ್ಟಿಲು, ಏಣಿ ಇವೆಲ್ಲ ನಮಗೆ ಆಗಿಬರುವುದಿಲ್ಲ. ಪ್ರತಿ ಮನೆಯ ಮುಂದೆ ಒಂದು ಗುಳಿ ಇರುತ್ತದೆ. ಅದಕ್ಕೆ ಬಿದಿರಿನ ಗಳ ಊರಿ ಮೇಲಕ್ಕೆ ಚಿಮ್ಮಿ, ಹೊಸ್ತಿಲ ಮೇಲೆ ಕಾಲಿಟ್ಟು, ಹಿಂದಿನಿಂದ ಗಳವನ್ನೂ ಒಳಕ್ಕೆ ಎಳೆದುಕೊಳ್ಳಬೇಕು. ಹಸುಗೂಸುಗಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತೇವೆ, ಕೈಲಾಗದ ಮುದುಕರನ್ನು ಬುಟ್ಟಿಯಲ್ಲಿ ಕೂರಿಸಿ ಹಗ್ಗದಲ್ಲಿ ಸೇದುತ್ತೇವೆ, ಕುಡಿದು ಬಂದ ಗಂಡಂದಿರನ್ನು ಹಾಗೇ ಬೀದಿಯಲ್ಲಿ ಬಿಡುತ್ತೇವೆ. ನೆಂಟರು ಬಂದರೆ ಮೊದಲು ಕೇಳುವುದು "ಗಳ ಒಳಗೆ ಬಂತಾ?" ಎಂದೇ. ನೀರು, ಕಾಫಿ ಎಲ್ಲ ಆಮೇಲೆ.

ಗಳ ಒಳಗೆ ಬಂದರೆ ನೆಂಟರು ಒಂದಲ್ಲ ಒಂದು ದಿನ ಹೊರಡುತ್ತಾರೆ ಎಂದರ್ಥ. ಯಾರಾದರೂ ಹಾರುವಾಗ ಬೇಕೆಂದೇ ಗಳವನ್ನು ಕೈಬಿಟ್ಟರೆ ಅವರು ಆ ಮನೆಯಲ್ಲೇ ಉಳಿಯಲು ಬಂದರು ಎಂದರ್ಥ. ಆಗ ಆ ಮನೆಯ ಯಜಮಾನನೋ ಯಜಮಾನಿಯೋ ಕೆಳಗೆ ನಿಂತು ಗಳ ಹಿಡಿದುಕೊಳ್ಳಬೇಕು. ಹಿಡಿದರೆ ಮುಗಿಯಿತು, ಬಿಟ್ಟವರು ಹಿಡಿದವರ ಮನೆಯವರು. ನಮ್ಮಲ್ಲಿ ಮದುವೆಯೆಂದರೆ ಇಷ್ಟೇ, ಉಳಿದ ವಾಲಗ, ಲಾಡು ಎಲ್ಲ ಬಂದವರ ಸಂತೋಷಕ್ಕೆ. ಹಿಡಿಯುವವರು ಹಿಡಿಯದೆ ಗಳ ನೆಲಕ್ಕೆ ಬಿತ್ತೋ, ಬಿಟ್ಟವರು ಅಂದಿನಿಂದ ಊರಿನಲ್ಲಿ ಯಾರ ಮನೆಯ ಹೊಸ್ತಿಲನ್ನೂ ತುಳಿಯುವಂತಿಲ್ಲ. ಸ್ವಂತ ಮನೆ ಇದ್ದರೆ ಅಲ್ಲಿ ಬಿದ್ದಿರಬೇಕು.

ನನ್ನ ಗಳ ಬಿದ್ದಿದೆ. ಆಗ ನನಗೆ ಇಪ್ಪತ್ತು ದಾಟಿತ್ತಷ್ಟೆ. ರೇಷ್ಮೆ ಸೀರೆ ಕಚ್ಚೆ ಹಾಕಿ, ಬಾಸಿಂಗ ಕಟ್ಟಿಕೊಂಡು, ಗಂಡಿನ ಮನೆಯ ಮುಂದೆ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಹಾರಿದೆ. ಹಾರಿ ಗಳ ಬಿಟ್ಟೆ. ಅತ್ತೆಯಾಗಬೇಕಾದವಳು ಕೈ ಚಾಚಿದ್ದಳು. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದು ಮೂಗಿಗೆ ಸೆರಗು ಹಿಡಿದುಕೊಂಡಳು. ಸೀನು ಬಂತು ಅಂದಳು ಆಮೇಲೆ. ಸೀನು ಮಾತ್ರ ಬರಲಿಲ್ಲ. ಗಳ ಬಿದ್ದ ಸದ್ದಿಗೆ ವಾಲಗದವರು ಊದುವುದನ್ನು ನಿಲ್ಲಿಸಿದರು. ಮದುಮಗ ಹೊಸ್ತಿಲಲ್ಲಿ ಹಾರ ಹಿಡಿದು ನಿಂತು ಸೂರಿನ ಜಂತಿ ನೋಡುತ್ತಿದ್ದ. ನಾನು ಅವನ ಪಕ್ಕದಿಂದಲೇ ಕೆಳಕ್ಕೆ ಧುಮುಕಿ, ನನ್ನ ಗಳ ಎತ್ತಿಕೊಂಡು ಮನೆಗೆ ನಡೆದೆ.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಆ ಮನೆಗೆ ನಾನೇ ಯಜಮಾನಿ. ಬಾಗಿಲ ಪಕ್ಕದಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತೇನೆ. ನಾನು ಯಾರ ಮನೆಗೂ ಹೋಗುವಂತಿಲ್ಲ, ನನ್ನ ಮನೆಗೆ ಬರುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಹಾಗಾಗಿ ಊರಿನ ಸುದ್ದಿಯೆಲ್ಲ ಹಾರಿಕೊಂಡು ನನ್ನ ಹೊಸ್ತಿಲಿಗೇ ಬರುತ್ತದೆ. ಎಷ್ಟೋ ಹುಡುಗಿಯರ ಮದುವೆ ರವಿಕೆ ಹೊಲಿದಿದ್ದೇನೆ, ಒಂದು ಮದುವೆಯ ಊಟ ಉಂಡಿಲ್ಲ. ಇದನ್ನು ಅಳುತ್ತಾ ಹೇಳುತ್ತಿಲ್ಲ, ನಮ್ಮೂರ ಮದುವೆ ಸಾರಿಗೆ ಉಪ್ಪು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾರಾದರೂ "ಒಳಗೆ ಬಾ" ಅಂದದ್ದು ಕೇಳಿ ಬಹಳ ವರ್ಷವಾಗಿತ್ತು.

ಮೊಟ್ಟೆ ಮಾರುವ ಮರಿಸ್ವಾಮಿ ದಿನಾ ನನ್ನ ಮನೆಗೆ ಬರುತ್ತಿದ್ದ. ಬೆನ್ನಿಗೆ ಮೊಟ್ಟೆ ಬುಟ್ಟಿ ಕಟ್ಟಿಕೊಂಡು ಊರಿನ ಅಷ್ಟೂ ಮನೆಗೆ ಹಾರುವವನು, ಒಂದು ಮೊಟ್ಟೆ ಒಡೆದವನಲ್ಲ. ಎಲ್ಲ ಮನೆ ಮುಗಿಸಿ ಕೊನೆಗೆ ನನ್ನಲ್ಲಿಗೆ ಬಂದು, ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತು, ಕೋಳಿಗಳ ಯೋಗಕ್ಷೇಮ ಹೇಳುತ್ತಿದ್ದ. ಯಾವ ಕೋಳಿ ಕಾವಿಗೆ ಕೂತಿದೆ, ಯಾವುದು ಯಾವುದರ ಮೇಲೆ ಮುನಿಸಿಕೊಂಡಿದೆ, ಇಷ್ಟೇ ಅವನ ಮಾತು. ನನಗೆ ಮೊಟ್ಟೆ ವಾಸನೆ ಕಂಡರಾಗುವುದಿಲ್ಲ. ಆದರೂ ದಿನಾ ಎರಡು ತೆಗೆದುಕೊಂಡು, ಅವನು ಹೋದ ಮೇಲೆ ಪಕ್ಕದ ಮನೆಯ ತಾಯಮ್ಮಜ್ಜಿಗೆ ಕಿಟಕಿಯಿಂದ ದಾಟಿಸುತ್ತಿದ್ದೆ. ಅವನು ಬರುವುದು ಸ್ವಲ್ಪ ತಡವಾದರೂ ನನ್ನ ಹೊಲಿಗೆ ಓರೆಯಾಗುತ್ತಿತ್ತು. ತಾಯಮ್ಮಜ್ಜಿ ಮೊಟ್ಟೆ ತಿಂದು ತಿಂದು ದುಂಡಗಾಗಿ, "ಇನ್ನೆಷ್ಟ್ ದಿವ್ಸ ನನ್ ಹೊಟ್ಟೆ ತುಂಬಿಸ್ತೀಯೆ, ಬಾಯ್ ಬಿಟ್ಟು ಕೇಳ್ಬಾರ್ದಾ ಅವ್ನ" ಎನ್ನುತ್ತಿದ್ದಳು.

ಕೇಳುವುದು ಹೇಗೆ. ನಾನು ಇನ್ನೊಮ್ಮೆ ಯಾರ ಮುಂದೆಯೂ ಗಳ ಬಿಡುವವಳಲ್ಲ. ಅವನು ನನ್ನ ಮನೆಯ ಮುಂದೆ ಬಿಡಬೇಕೆಂದರೆ, ನಾನು ಹಿಡಿಯುತ್ತೇನೆಂದು ಅವನಿಗೆ ನಂಬಿಕೆ ಇರಬೇಕು. ಹಿಡಿಯದಿದ್ದರೆ ಅವನಿಗೆ ಊರಿನ ಎಲ್ಲ ಬಾಗಿಲೂ ಮುಚ್ಚಿದವು. ಮನೆ ಮನೆಗೆ ಹಾರಿ ಬದುಕುವವನಿಗೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕೋಳಿಗಳ ಮಾತು ಮುಂದುವರಿಯಿತು.

ಹೀಗಿರುವಾಗ ಪೋಲ್ ವಾಲ್ಟಿನವರು ಅಭ್ಯಾಸಕ್ಕೆಂದು ಮೈದಾನಕ್ಕೆ ಬಂದರು. ಬೇರೆ ಬೇರೆ ದೇಶದ ಹತ್ತು ಹನ್ನೆರಡು ಜನ, ಒಬ್ಬೊಬ್ಬನೂ ತೆಂಗಿನ ಸಸಿಯ ಹಾಗಿದ್ದ. ನಾವೆಲ್ಲ ಸಾಲಾಗಿ ನಿಂತು ನೋಡಿದೆವು. ಎರಡು ಕಂಬದ ನಡುವೆ ಒಂದು ಅಡ್ಡಕೋಲು ಇಟ್ಟಿದ್ದರು, ಅದರ ಹಿಂದೆ ಮನೆಯೂ ಇಲ್ಲ ಮಠವೂ ಇಲ್ಲ, ಒಂದು ದಪ್ಪ ಹಾಸಿಗೆ ಅಷ್ಟೇ. ಮೊದಲನೆಯವನು, ಕೆಂಚುಗೂದಲಿನ ಹುಡುಗ, ಹೆಸರಿಗೆ ಯಾರ ನಾಲಿಗೆಯೂ ಹೊರಳದೆ ನಾವೇ ಕೆಂಚಪ್ಪ ಅಂತ ಕರೆದೆವು, ಓಡಿಬಂದು ಹಾರಿದ. ಎಂಥ ಹಾರುವಿಕೆ ಅಂತೀರಿ, ನಮ್ಮ ಮನೆಯ ಸೂರನ್ನೂ ದಾಟಿ ಹೋಗಬಹುದಿತ್ತು. ಆ ಎತ್ತರದಲ್ಲಿ ಅವನು ಸುಮ್ಮನೆ ಗಳ ಬಿಟ್ಟುಬಿಟ್ಟ. ಕೆಳಗೆ ಹಿಡಿಯುವವರು ಯಾರೂ ಇರಲಿಲ್ಲ. ಗಳ ನೆಲಕ್ಕೆ ಬಿತ್ತು. ಅವನು ಆಚೆ ಕಡೆ ಹಾಸಿಗೆಗೆ ಬಿದ್ದ.

ನಮ್ಮೂರ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. "ಅಯ್ಯೋ ಕಂದ, ಅಷ್ಟ್ ಮೇಲಕ್ಕೋದ್ರೂ ಒಂದ್ ಬಾಗ್ಲಿಲ್ವಲ್ಲೋ ನಿಂಗೆ" ಎಂದು ತಾಯಮ್ಮಜ್ಜಿ ಅಳಲು ಶುರು ಮಾಡಿದಳು. ಎರಡನೆಯವನೂ ಬಿಟ್ಟ, ಮೂರನೆಯವನೂ ಬಿಟ್ಟ. ಗಳ ಬೀಳುವ ಸದ್ದಿಗೆ ಗಂಡಸರು ಕೂಡ ಮುಖ ತಿರುಗಿಸಿದರು. ಅದಕ್ಕಿಂತ ವಿಚಿತ್ರವೆಂದರೆ ಆ ಹುಡುಗರು ನಗುತ್ತಾ ಎದ್ದು ಬರುತ್ತಿದ್ದರು. ದುಃಖ ನುಂಗಿಕೊಳ್ಳುತ್ತಿದ್ದಾರೆ ಎಂದುಕೊಂಡೆವು. ಅವತ್ತು ಸಂಜೆ ಅವರು ಇಳಿದುಕೊಂಡಿದ್ದ ಛತ್ರದ ಮುಂದೆ ಸಾಲು ಹಿಡಿದು ಹೆಂಗಸರು ಮುದ್ದೆ, ಹುರುಳಿ ಬಸ್ಸಾರು, ಒಬ್ಬಟ್ಟು ಎಲ್ಲ ಕೊಟ್ಟು, ತಲೆ ಸವರಿ ಬಂದರು. ಕೆಂಚಪ್ಪನಿಗೆ ಯಾಕೆಂದು ತಿಳಿಯಲಿಲ್ಲ, ತಿನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು.

ಮಾರನೇ ಬೆಳಿಗ್ಗೆ ಕ್ರೀಡಾಕೂಟದ ಕಾರ್ಯದರ್ಶಿ ಬೋರಲಿಂಗಯ್ಯ ನನ್ನ ಮನೆಯ ಕೆಳಗೆ ನಿಂತು ಕೂಗಿದ. ಅವನು ಊರಿನ ಪಂಚಾಯ್ತಿಗೂ ಮುಖ್ಯಸ್ಥ, ಹೊಟ್ಟೆ ಬೆಳೆದ ಮೇಲೆ ಹಾರುವುದು ಬಿಟ್ಟಿದ್ದಾನೆ.

"ದೇವೀರಮ್ಮ, ಮನೇಲಿದ್ದೀಯಾ?"

"ಇನ್ಯಾರ್ ಮನೇಗೆ ಹೋಗ್ಲಿ ಬೋರಲಿಂಗಣ್ಣ" ಎಂದೆ ಮೇಲಿನಿಂದ.

"ಅದ್ಕೇ ಬಂದೆ ಕಣಮ್ಮ. ಆಟದಲ್ಲಿ ಆ ಹುಡುಗ್ರು ಬಿಟ್ಟ ಗಳ ಹಿಡಿಯೋಕೆ ಒಬ್ರು ಸ್ವಯಂಸೇವಕರು ಬೇಕಂತೆ. ಊರಲ್ಲಿ ಒಬ್ಳೂ ಒಪ್ತಿಲ್ಲ. ಅಷ್ಟೂ ಪರದೇಶಿ ಗಂಡುಗಳ್ನ ಮನೆ ತುಂಬಿಸ್ಕೊಂಡು ಎಲ್ಲಿ ಮಲಗ್ಸೋದು ಅಂತಾರೆ. ನೀನಾದ್ರೆ, ಹೆಂಗೂ ಬಿದ್ದಿರೋ ಗಳ. ನಿಂಗ್ ಹೋಗೋದೇನೈತೆ?"

ಕೈಯಲ್ಲಿದ್ದ ಕತ್ತರಿಯನ್ನು ಅವನ ತಲೆ ಮೇಲೆ ಬಿಡೋಣ ಅನ್ನಿಸಿತು. ಬಿಡಲಿಲ್ಲ, ಒಳ್ಳೆಯ ಕತ್ತರಿ. ಬೇಡ ಅನ್ನಬೇಕೆಂದೇ ಬಾಯಿ ತೆರೆದೆ. ಆದರೆ ಹಿಂದಿನ ದಿನ ಗಳ ಬಿದ್ದ ಸದ್ದು ಇನ್ನೂ ಕಿವಿಯಲ್ಲಿತ್ತು. ಅವರು ಯಾವ ದೇಶದವರಾದರೇನು, ನನ್ನ ಕಣ್ಣೆದುರು ಇನ್ನೊಂದು ಗಳ ನೆಲಕ್ಕೆ ಬೀಳುವುದನ್ನು ನಾನು ನೋಡಲಾರೆ. ಹಿಡಿಯುತ್ತೇನೆ ಎಂದೆ. ಬೋರಲಿಂಗಯ್ಯ ಸಂತೋಷದಲ್ಲಿ, ಪರದೇಶಿಗಳಿಗೆ ನಮ್ಮ ಪದ್ಧತಿ ಗೊತ್ತಿಲ್ಲದ್ದರಿಂದ ಅವರ ಗಳ ಲೆಕ್ಕಕ್ಕಿಲ್ಲ ಎಂದು ಪಂಚಾಯ್ತಿಯಿಂದ ತೀರ್ಮಾನ ಮಾಡಿಸಿಯೂ ಬಿಟ್ಟ. ಇಲ್ಲದಿದ್ದರೆ ಅಷ್ಟು ಜನರಿಗೆ ಮುದ್ದೆ ತೊಳಸುವುದರಲ್ಲೇ ನನ್ನ ಆಯುಸ್ಸು ಮುಗಿಯುತ್ತಿತ್ತು.

ಕೆಲಸ ಕಲಿಸಿದ್ದು ಬಿಳಿ ಟೋಪಿಯ ಒಬ್ಬ ತೀರ್ಪುಗಾರ್ತಿ, ಯಾವುದೋ ಚಳಿದೇಶದವಳು. ಅವಳು ಹೇಳಿದ್ದನ್ನು ನಮಗೆ ಹೇಳಲು, ನಾವು ಹೇಳಿದ್ದನ್ನು ಅವಳಿಗೆ ಹೇಳಲು ಹೈಸ್ಕೂಲಿನ ಶಿವನಂಜಪ್ಪ ಮೇಷ್ಟ್ರನ್ನು ಇಟ್ಟಿದ್ದರು. ನಿಯಮ ಒಂದೇ. ಬಿಟ್ಟ ಗಳ ಅಡ್ಡಕೋಲಿನಿಂದ ದೂರಕ್ಕೆ, ಅಂದರೆ ನಾನು ನಿಂತ ಕಡೆಗೆ ಬೀಳುತ್ತಿದ್ದರೆ ಹಿಡಿಯಬಹುದು. ಅಡ್ಡಕೋಲಿನ ಕಡೆಗೆ ವಾಲಿದರೆ ಮುಟ್ಟಕೂಡದು. ಮುಟ್ಟಿದರೆ ಆ ಜಿಗಿತ ರದ್ದು. "ಅರ್ಥ ಆಯ್ತೇನಮ್ಮ? ಆ ಕಡೆ ಹೋದ್ರೆ ಅದರ ಪಾಡಿಗೆ ಬಿಟ್ಬಿಡಬೇಕು" ಎಂದರು ಮೇಷ್ಟ್ರು. ಬಿಡುವುದೇನು ಮಹಾ, ರವಿಕೆಯ ತೋಳಿಗಿಂತ ಸುಲಭ ಎಂದುಕೊಂಡೆ.

ನಮ್ಮೂರಿನ ಕಡೆಯಿಂದಲೂ ಒಬ್ಬ ಹಾರಬಹುದು ಎಂದಾಗ ಊರವರೆಲ್ಲ ಒಂದೇ ಬಾಯಲ್ಲಿ ಮರಿಸ್ವಾಮಿಯ ಹೆಸರು ಹೇಳಿದರು. ಮೊಟ್ಟೆ ಹೊತ್ತು ಹಾರುವವನು ಬರಿಬೆನ್ನಲ್ಲಿ ಎಷ್ಟು ಹಾರಲಿಕ್ಕಿಲ್ಲ ಎಂಬುದು ಲೆಕ್ಕ. ಅವನು ಎಣ್ಣೆ ಕುಡಿಸಿದ ತನ್ನದೇ ಬಿದಿರಿನ ಗಳ ತಂದಿದ್ದ, ಕಾಲಿಗೆ ಹೊಸ ಬೂಟು ಹಾಕಿಸಿದ್ದರು, ಅದು ಕಚ್ಚುತ್ತದೆಂದು ಬಿಚ್ಚಿ ಅವ್ವನ ಕೈಗೆ ಕೊಟ್ಟ. ಅವನ ಅವ್ವ ಜವರಮ್ಮ ಮುಂದಿನ ಸಾಲಿನಲ್ಲೇ ಆ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಆ ಮಧ್ಯಾಹ್ನದ ಸಂಭ್ರಮವನ್ನು ಹೇಗೆ ಹೇಳಲಿ. ಒಬ್ಬೊಬ್ಬನೇ ಓಡಿಬರುತ್ತಾನೆ, ಬಾನಿಗೆ ಏರುತ್ತಾನೆ, ಗಳ ಬಿಡುತ್ತಾನೆ, ನಾನು ಹಿಡಿಯುತ್ತೇನೆ. ಹಿಡಿದಾಗೆಲ್ಲ ಊರಿಗೆ ಊರೇ ಕೇಕೆ ಹಾಕುತ್ತದೆ. ಪಂಚಾಯ್ತಿ ಏನೇ ತೀರ್ಮಾನ ಮಾಡಿರಲಿ, ಜನರ ಬಾಯಿಗೆ ಬೀಗ ಹಾಕುವವರು ಯಾರು. "ದೇವೀರಿ, ಇವ್ನು ಬ್ಯಾಡ ಕಣೆ, ಮೂಗು ಸೊಟ್ಟ" ಎಂದು ತಾಯಮ್ಮಜ್ಜಿ ಒಂದು ಕಡೆಯಿಂದ ಕೂಗಿದರೆ, "ಇವ್ನ್ ಇರ್ಲಿ ಬುಡು, ಅಟ್ಟದ್ ಮೇಲಿನ್ ಸಾಮಾನ್ ತೆಗೆಯೋಕಾಯ್ತದೆ" ಎಂದು ಇನ್ನೊಬ್ಬಳು. ಕೆಂಚಪ್ಪನ ಗಳ ಹಿಡಿದಾಗ ಯಾರೋ ವಾಲಗವನ್ನೇ ಊದಿಸಿಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟು ಜನರ ಮಧ್ಯೆ ನಿಂತು ನಾನು ನಕ್ಕು ಎಷ್ಟು ಕಾಲವಾಗಿತ್ತೋ. ಬಿದಿರು, ಫೈಬರು ಏನೇ ಇರಲಿ, ಮೇಲಿನಿಂದ ಬಂದ ಗಳದ ಭಾರ ಅಂಗೈಗೆ ಬಂದು ನಿಲ್ಲುವ ಸುಖವೇ ಬೇರೆ.

ಮರಿಸ್ವಾಮಿಯ ಸರದಿ ಬಂತು. ಓಡಿದ, ಊರಿದ, ಚಿಮ್ಮಿದ. ಆದರೆ ಗಳ ಬಿಡಲಿಲ್ಲ. ಅಡ್ಡಕೋಲಿನ ಮೇಲಿಂದ ಹಾಯ್ದು ಹೋಗುತ್ತಾ, ಹುಟ್ಟಿದಾಗಿನಿಂದ ಮಾಡಿದ ಅಭ್ಯಾಸದಂತೆ ಗಳವನ್ನೂ ಹಿಂದಿನಿಂದ ಮೇಲಕ್ಕೆಳೆದು, ಒಂದು ಸುತ್ತು ತಿರುಗಿಸಿ, ಅಡ್ಡಕೋಲಿಗೆ ಸೋಕದ ಹಾಗೆ ತನ್ನ ಜೊತೆಗೇ ಆಚೆಗೆ ತಂದುಕೊಂಡ. ಹಾಸಿಗೆಯ ಮೇಲೆ ಗಳವನ್ನು ಅಪ್ಪಿಕೊಂಡೇ ಬಿದ್ದ. ಪರದೇಶಿ ಹುಡುಗರು ತಲೆ ಮೇಲೆ ಕೈ ಹೊತ್ತು ನಿಂತರು. ತೀರ್ಪುಗಾರ್ತಿ ನಿಯಮದ ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿಹಾಕಿದಳು. ಹಾಗೆ ಮಾಡಬಾರದೆಂದು ಎಲ್ಲೂ ಬರೆದಿರಲಿಲ್ಲ, ಯಾರಿಗೂ ಹಾಗೆ ಮಾಡಬಹುದೆಂದು ಹೊಳೆದೇ ಇರಲಿಲ್ಲವಲ್ಲ. ಜಿಗಿತ ಸರಿಯೆಂದು ಬಿಳಿ ಬಾವುಟ ಎದ್ದಿತು.

ಅಡ್ಡಕೋಲು ಮೇಲೇರುತ್ತಾ ಹೋಯಿತು, ಹುಡುಗರು ಒಬ್ಬೊಬ್ಬರೇ ಉದುರಿದರು. ಕೊನೆಗೆ ಉಳಿದವರು ಕೆಂಚಪ್ಪ ಮತ್ತು ಮರಿಸ್ವಾಮಿ. ಅಷ್ಟು ಹೊತ್ತಿಗೆ ಅಡ್ಡಕೋಲು ನೋಡಲು ಕತ್ತು ನೋಯುವಷ್ಟು ಮೇಲಿತ್ತು. ಕೆಂಚಪ್ಪ ಮೂರು ಸಲ ಹಾರಿ ಮೂರು ಸಲವೂ ಅದನ್ನು ಬೀಳಿಸಿದ. ಮರಿಸ್ವಾಮಿ ದಾಟಿದರೆ ಚಿನ್ನ ಮರಿಸ್ವಾಮಿಗೆ, ದಾಟದಿದ್ದರೆ ಹಿಂದಿನ ಎತ್ತರಗಳಲ್ಲಿ ಕಡಿಮೆ ಸಲ ಕೋಲು ಬೀಳಿಸಿದ ಲೆಕ್ಕದ ಪ್ರಕಾರ ಕೆಂಚಪ್ಪನಿಗೆ ಎಂದು ಮೇಷ್ಟ್ರು ಮೈಕಿನಲ್ಲಿ ವಿವರಿಸಿದರು. ಮರಿಸ್ವಾಮಿ ಹಾರಿದ. ಮೈ ಸಲೀಸಾಗಿ ದಾಟಿತು, ಹಿಂದಿನಿಂದ ಎಳೆದುಕೊಂಡ ಗಳದ ಬುಡ ತಗುಲಿ ಅಡ್ಡಕೋಲು ಬಿತ್ತು. ಇನ್ನೊಮ್ಮೆ ಹಾರಿದ, ಮತ್ತೆ ಅದೇ ಕಥೆ. ಉಳಿದದ್ದು ಒಂದೇ ಅವಕಾಶ.

"ಗಳ ಬಿಟ್ಬಿಡೋ ಮಾರಾಯ, ಬಿಟ್ರೆ ನೀನು ಗೆದ್ದ ಹಾಗೆ" ಎಂದು ಮೇಷ್ಟ್ರು ಅವನ ಹಿಂದೆ ಹಿಂದೆ ಓಡಾಡಿದರು.

"ಬುಡಬ್ಯಾಡ ಕಣ್ ಮಗ" ಎಂದು ಜವರಮ್ಮ ಬೂಟು ಎತ್ತಿಹಿಡಿದು ಕೂಗಿದಳು. "ಬಿದ್ದೋದ್ರೆ ನಾಳಿಕ್ಕೆ ಯಾರ್ ಮನೇಗ್ ಹೋಗಿ ಮೊಟ್ಟೆ ಕೊಟ್ಟೀಯ? ಚಿನ್ನ ನೆಕ್ಕ್ತೀಯಾ?"

ಹಿಡಿಯೋಕೆ ದೇವೀರಮ್ಮ ಇದ್ದಾಳಲ್ಲ ಎಂದು ಯಾರೋ ಅಂದರು. ಹಿಡಿದರೆ ಮದುವೆಯಾದ ಹಾಗಲ್ಲವೇ ಎಂದು ಇನ್ಯಾರೋ. ಆ ಮಾತು ಮೈದಾನದ ಸುತ್ತ ಒಂದು ಸುತ್ತು ಬಂತು. ಎಲ್ಲರೂ ನನ್ನನ್ನೂ ಅವನನ್ನೂ ನೋಡತೊಡಗಿದರು. ಬೋರಲಿಂಗಯ್ಯ ಗಲಾಟೆಯಾದೀತೆಂದು ಓಡಿಹೋಗಿ ಮೈಕು ಕಿತ್ತುಕೊಂಡ. "ಶಾಂತಿ, ಶಾಂತಿ. ಪಂಚಾಯ್ತಿ ತೀರ್ಮಾನ ಕೇಳಿ. ದೇವೀರಮ್ಮ ಕೆಲ್ಸದ ಮೇಲೆ ಹಿಡಿದ ಗಳ ಲೆಕ್ಕಕ್ಕಿಲ್ಲ, ಯಾರ್ದೇ ಆಗ್ಲಿ. ಬಿದ್ದಂಗೂ ಅಲ್ಲ, ಮದ್ವೆ ಆದಂಗೂ ಅಲ್ಲ." ಜವರಮ್ಮ ನಿಟ್ಟುಸಿರು ಬಿಟ್ಟಳು. ತಾಯಮ್ಮಜ್ಜಿ "ಥೂ ಇವ್ನ ತೀರ್ಮಾನಕ್ಕಿಷ್ಟು" ಎಂದಳು.

ಮರಿಸ್ವಾಮಿ ಗಳ ಹೆಗಲ ಮೇಲಿಟ್ಟುಕೊಂಡು ನಾನು ನಿಂತಲ್ಲಿಗೆ ಬಂದ. ಬರಿಗಾಲಿನಲ್ಲಿ ಮಣ್ಣು ಕೆರೆಯುತ್ತಾ ನಿಂತ. ಇಷ್ಟು ವರ್ಷದಲ್ಲಿ ಕೋಳಿ ಬಿಟ್ಟು ಬೇರೆ ಮಾತು ಆಡದವನು.

"ದೇವೀರಮ್ನೋರೆ, ಬಿಟ್ರೆ ಹಿಡೀತೀರಾ?"

"ಹಿಡೀತೀನಿ."

"ಕೆಲ್ಸ ಅಂತ ಹಿಡೀತೀರಾ?"

ನನ್ನ ಹಾಳು ಬಾಯಿ. ಎಲ್ಲರ ಕಣ್ಣು ಮೇಲಿರುವಾಗ ಅದಕ್ಕೆ ನೆಟ್ಟಗೆ ಮಾತಾಡಲು ಬರುವುದಿಲ್ಲ. "ಇನ್ನೇನಂತ ಹಿಡೀಲಿ? ಅದಕ್ಕೇ ತಾನೆ ನಿಲ್ಸಿರೋದು ನನ್ನ" ಎಂದುಬಿಟ್ಟೆ. ಅವನು ತಲೆಯಾಡಿಸಿದ. "ಸರಿ. ಹಿಡೀತೀರಲ್ಲ, ಅಷ್ಟ್ ಸಾಕು. ಬಿಡ್ತೀನಿ" ಎಂದು ಹೇಳಿ, ಓಟದ ತುದಿಗೆ ನಡೆದುಕೊಂಡು ಹೋದ. ಅವನ ಬೆನ್ನು ನೋಡುತ್ತಾ ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮಾತೊಂದನ್ನೇ ನಂಬಿಕೊಂಡು ಅವನು ಊರಿನ ಎಲ್ಲ ಬಾಗಿಲನ್ನೂ ಪಣಕ್ಕಿಡಲು ಹೊರಟಿದ್ದ, ನಾನು ಅವನಿಗೆ ಕಚೇರಿಯ ಉತ್ತರ ಕೊಟ್ಟಿದ್ದೆ.

ಅವನು ಓಡಿಬಂದ. ಇಡೀ ಮೈದಾನ ಎದ್ದು ನಿಂತಿತು, ಗಂಡಸರು ಹೆಗಲ ಮೇಲಿನ ಟವೆಲ್ಲುಗಳನ್ನು ಮೇಲಕ್ಕೆ ತೂರಿದರು. ಗಳ ಗುಳಿಗೆ ಕೂತಿತು, ಬಿಲ್ಲಾಯಿತು, ಮರಿಸ್ವಾಮಿ ಮೇಲೆ ಹೋದ. ಹೋದ, ಹೋದ, ಇನ್ನೂ ಹೋದ. ಅಡ್ಡಕೋಲಿನ ಮೇಲೆ ಅವನ ಮೈ ಮಡಚಿಕೊಂಡಿತು, ಮತ್ತೆ ಅವನ ಎರಡೂ ಕೈ ಬಿಚ್ಚಿಕೊಂಡವು. ಬಿಟ್ಟ. ನಮ್ಮೂರಿನ ಗಂಡಸೊಬ್ಬ ಅಷ್ಟು ಎತ್ತರದಲ್ಲಿ ಖಾಲಿ ಕೈಯಲ್ಲಿ ಇರುವುದನ್ನು ಅಂದು ಮೊದಲ ಸಲ ನೋಡಿದ್ದು. ನನಗೆ ನಾನೇ ಮೇಲಿದ್ದೇನೆ ಅನ್ನಿಸಿತು.

ಗಳ ಗುಳಿಯಲ್ಲಿ ನೆಟ್ಟಗೆ ನಿಂತಿತ್ತು. ಬೀಳಲಿಲ್ಲ. ಹಿಡಿಯಲು ಕೈ ಚಾಚಿ ನಿಂತೆ, ನನ್ನ ಕಡೆಗೆ ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಸ್ವಲ್ಪ ಯೋಚಿಸಿ, ಮೆಲ್ಲಗೆ, ಆ ಕಡೆಗೆ ವಾಲಿತು. ಅಡ್ಡಕೋಲಿನ ಕಡೆಗೆ. ಅದರ ಪಾಡಿಗೆ ಬಿಟ್ಟುಬಿಡಬೇಕು ಎಂದು ಮೇಷ್ಟ್ರು ಹೇಳಿದ್ದು ಕಿವಿಯಲ್ಲಿ ಕೇಳಿತು. ಆದರೆ ಯೋಚಿಸಿದ್ದೆಲ್ಲ ಆಮೇಲೆ. ಆ ಕ್ಷಣ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮುಂದಕ್ಕೆ ಹಾರಿ ಎರಡೂ ಕೈಯಿಂದ ಗಳವನ್ನು ಅಪ್ಪಿ ಹಿಡಿದು ನನ್ನ ಕಡೆಗೆ ಎಳೆದುಕೊಂಡೆ. ಬಿದಿರು ಅಂಗೈ ತರಚಿಕೊಂಡು ಹೋಯಿತು. ನಾನು ಗಳದ ಜೊತೆ ಅಂಗಾತ ಬಿದ್ದೆ, ಆದರೆ ಅದನ್ನು ನೆಲಕ್ಕೆ ಬೀಳಲು ಬಿಡಲಿಲ್ಲ, ನನ್ನ ಎದೆಯ ಮೇಲಿತ್ತು. ಅತ್ತ ಮರಿಸ್ವಾಮಿ ಹಾಸಿಗೆಗೆ ಬಿದ್ದ. ಮೇಲೆ ಅಡ್ಡಕೋಲು ಅಲ್ಲಾಡದೆ ಕೂತಿತ್ತು.

ಊರು ಹುಚ್ಚೆದ್ದು ಕುಣಿಯಿತು. ಚಿನ್ನ ಬಂತೆಂದು ಜವರಮ್ಮ ಬೂಟುಗಳನ್ನು ಮೇಲಕ್ಕೆಸೆದಳು. ಆದರೆ ಬಾವುಟ ಏಳಲಿಲ್ಲ. ಯಾರೋ ತೂರಿದ ಟವೆಲ್ಲು ಸರಿಯಾಗಿ ಆ ಗಳಿಗೆಯಲ್ಲೇ ತೀರ್ಪುಗಾರ್ತಿಯ ಮುಖದ ಮೇಲೆ ಬಂದು ಬಿದ್ದಿತ್ತಂತೆ, ಅದನ್ನು ತೆಗೆಯುವಷ್ಟರಲ್ಲಿ ಗಳ ನನ್ನ ಕೈಯಲ್ಲಿತ್ತು. ಕ್ಯಾಮೆರಾದವರೆಲ್ಲ ಮೇಲಿದ್ದ ಮರಿಸ್ವಾಮಿಯನ್ನು ಹಿಡಿದಿದ್ದರು, ಕೆಳಗಿನ ಗಳ ಯಾರಿಗೆ ಬೇಕಿತ್ತು. ಅವಳು ಮೇಷ್ಟ್ರನ್ನು ಕರೆದುಕೊಂಡು ನನ್ನ ಹತ್ತಿರ ಬಂದಳು. ಒಳ್ಳೆಯ ಹೆಂಗಸು, ಕೈಹಿಡಿದು ಎಬ್ಬಿಸಿದಳು. ಮೇಷ್ಟ್ರು ಮೈಕು ಹಿಡಿದೇ ಬಂದಿದ್ದರಿಂದ ಮಾತೆಲ್ಲ ಊರಿಗೇ ಕೇಳುತ್ತಿತ್ತು.

"ನೋಡಮ್ಮ, ಇವರು ಸರಿಯಾಗಿ ನೋಡಲಿಲ್ಲವಂತೆ. ನೀನು ಹಿಡಿದಾಗ ಗಳ ಯಾವ ಕಡೆ ಬೀಳ್ತಿತ್ತು? ನೀನು ಹೇಳಿದ್ದನ್ನೇ ಬರ್ಕೋತಾರಂತೆ." ಹೇಳುತ್ತಾ ಮೇಷ್ಟ್ರು ನನ್ನ ಕಡೆಗೆ ಕಣ್ಣು ಹೊಡೆದರು. ಪಾಪ, ಅವರ ಜೀವಮಾನದಲ್ಲಿ ಯಾರಿಗೂ ಕಣ್ಣು ಹೊಡೆದವರಲ್ಲ, ಎರಡೂ ಕಣ್ಣು ಮುಚ್ಚಿದವು.

ನನ್ನ ಕಡೆ ಬೀಳ್ತಿತ್ತು ಅಂದರೆ ಸಾಕು. ಅವನಿಗೆ ಚಿನ್ನ, ಊರಿಗೆ ಹೆಸರು, ಗಳವೂ ಬಿದ್ದಿಲ್ಲ, ಎಲ್ಲ ಬಾಗಿಲೂ ಅವನಿಗೆ ತೆರೆದೇ ಇರುತ್ತವೆ. ಆದರೆ ಹಾಗಂದರೆ ನಾನು ನಿಯಮದ ಪ್ರಕಾರ ಹಿಡಿದ ಹಾಗಾಯಿತು, ಕೆಲಸ ಅಂತ ಹಿಡಿದ ಹಾಗಾಯಿತು. ಕೆಂಚಪ್ಪನ ಗಳ ಹಿಡಿದ ಹಾಗೆ, ಸೊಟ್ಟಮೂಗಿನವನ ಗಳ ಹಿಡಿದ ಹಾಗೆ. ಹಾಸಿಗೆಯ ಕಡೆ ನೋಡಿದೆ. ಮರಿಸ್ವಾಮಿ ಎದ್ದು ಕೂತಿದ್ದ. ಅವನು ಅಡ್ಡಕೋಲನ್ನು ನೋಡುತ್ತಿರಲಿಲ್ಲ, ಬಾವುಟ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಆ ಕಡೆ ಬೀಳ್ತಿತ್ತು" ಎಂದೆ. ನನ್ನ ದನಿ ಮೈಕಿನಿಂದ ಹೊರಟು ಮೈದಾನದ ಗೋಡೆಗೆ ಬಡಿದು ವಾಪಸು ಬಂತು. "ಕೋಲಿನ ಕಡೆ. ಮುಟ್ಟಬಾರದು ಅಂತ ಗೊತ್ತಿತ್ತು ನಂಗೆ. ನಾನೇ ಈ ಕಡೆ ಎಳ್ಕೊಂಡೆ."

ಮೇಷ್ಟ್ರು ಅದನ್ನು ಅವಳಿಗೆ ಹೇಳುವುದನ್ನೇ ಮರೆತು ಬಾಯಿ ತೆರೆದು ನಿಂತರು. ಅವಳು ತೋಳು ಹಿಡಿದು ಅಲ್ಲಾಡಿಸಿದ ಮೇಲೆ ಹೇಳಿದರು. ಅವಳು ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿ ಕೆಂಪು ಬಾವುಟ ಎತ್ತಿದಳು.

ಚಿನ್ನ ಹೋಯಿತು. ಜವರಮ್ಮನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಆದರೆ ಮೊದಲು ಕೇಳಿದ್ದು ಅವಳ ದನಿಯೇ. "ಎಳ್ಕಂಡ್ಳಂತೆ ಕಣ್ರೋ. ನನ್ ಮಗನ್ ಗಳವ ಬೇಕು ಅಂತ್ಲೇ ಎಳ್ಕಂಡ್ಳಂತೆ" ಎಂದು ಅವಳು ಅಕ್ಕಪಕ್ಕದವರ ಭುಜ ಹಿಡಿದು ಕುಲುಕುತ್ತಿದ್ದಳು. ಆಮೇಲೆ ಎದ್ದ ಕೇಕೆಗೆ ಅಡ್ಡಕೋಲು ತಾನಾಗಿಯೇ ಕೆಳಗೆ ಬಿತ್ತು. ವಾಲಗ ಶುರುವಾಯಿತು. ತಾಯಮ್ಮಜ್ಜಿ ಬೋರಲಿಂಗಯ್ಯನ ಹೊಟ್ಟೆಗೆ ತಿವಿದು, "ಇದ್ ಲೆಕ್ಕಕ್ಕೈತೋ ಇಲ್ವೋ ಹೇಳೋ ಈಗ" ಎಂದು ಕೇಳಿದಳು. ಕೆಂಪು ಬಾವುಟ ಎದ್ದದ್ದಕ್ಕೆ ಇಷ್ಟು ಜನ ಕುಣಿಯುತ್ತಿರುವುದನ್ನು ಕಂಡ ಕೆಂಚಪ್ಪ, ತಾನು ಗೆದ್ದದ್ದಕ್ಕೇ ಇಷ್ಟು ಸಂತೋಷವೆಂದು ತಿಳಿದು ನಾಲ್ಕೂ ದಿಕ್ಕಿಗೆ ಬಗ್ಗಿ ನಮಸ್ಕಾರ ಮಾಡಿದ.

ಮರಿಸ್ವಾಮಿ ಹಾಸಿಗೆಯಿಂದ ಇಳಿದು ಬಂದ. ನಾನು ಗಳವನ್ನು ಇನ್ನೂ ತಬ್ಬಿಕೊಂಡೇ ನಿಂತಿದ್ದೆ, ಕೇಳಿದರೂ ವಾಪಸು ಕೊಡುವ ಹಾಗಿರಲಿಲ್ಲ. ಚಿನ್ನದ ಮಾತು ಎತ್ತುತ್ತಾನೆ, ಎತ್ತಿದರೆ ಏನು ಹೇಳಲಿ ಎಂದು ಉತ್ತರ ಹುಡುಕುತ್ತಿದ್ದೆ. ಅವನು ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಗಳದಿಂದ ಬಿಡಿಸಿ, ಅಂಗೈಯನ್ನು ಮೇಲಕ್ಕೆ ತಿರುಗಿಸಿ ನೋಡಿದ. ಬಿದಿರು ತರಚಿದ ಕಡೆ ರಕ್ತ ಜಿನುಗುತ್ತಿತ್ತು.

"ನೋವಾಯ್ತಾ?" ಎಂದ.

ಇಷ್ಟು ವರ್ಷ ಅಳದವಳು ನಾನು ಅಷ್ಟು ಜನರ ಮುಂದೆ ನಿಂತು ಗೊಳೋ ಎಂದು ಅತ್ತುಬಿಟ್ಟೆ.